ನಿಂತ ಗಾಡಿಯಿಂದ ಬಿಚ್ಚಿದ್ದು

ಕೊಪ್ಪದಲ್ಲಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಒಂದು ಬೈಕ್ ಗ್ಯಾರೇಜು. ನಡುವೆ ರಸ್ತೆಯೊಂದೇ. ಮಷಿನ್ನಿನ ಮೇಲೆ ತಲೆ ಬಗ್ಗಿಸಿ ಕೂತಿದ್ದರೂ ಅಲ್ಲಿ ಯಾರು ಬಂದರು, ಯಾರ ಗಾಡಿ ಬಿಚ್ಚಿದರು, ಯಾರು ಬೈದುಕೊಂಡು ಹೋದರು ಎಲ್ಲ ನನಗೆ ಗೊತ್ತಾಗುತ್ತದೆ.

ಕಳೆದ ಮಳೆಗಾಲದಲ್ಲಿ ಅಲ್ಲಿಗೊಂದು ಗಾಡಿ ಪಿಕಪ್ಪಿನಲ್ಲಿ ಬಂತು. ಹರಿಹರಪುರದವರೊಬ್ಬರದು. ಬೇಕರಿಯ ಬನ್ನು, ರಸ್ಕು ಕಟ್ಟಿಕೊಂಡು ಶೃಂಗೇರಿವರೆಗಿನ ಸಣ್ಣಪುಟ್ಟ ಅಂಗಡಿಗಳಿಗೆ ಹಾಕುತ್ತಿದ್ದರಂತೆ. ಮೆಣಸೆಯ ಹತ್ತಿರ ಪಾಚಿ ಕಟ್ಟಿದ ರಸ್ತೆಯಲ್ಲಿ ಜಾರಿ ಬಿದ್ದು ಅವರ ಕಾಲು ಮುರಿದಿತ್ತು. ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ, ಹ್ಯಾಂಡಲ್ ಸೊಟ್ಟಗಾಗಿತ್ತು. ಅದನ್ನು ಸರಿಮಾಡಿ, ಯಜಮಾನರು ಓಡಾಡುವಂತಾಗುವ ತನಕ ಇರಲಿ ಎಂದು ಮೆಕ್ಯಾನಿಕ್ ಗೋಡೆಬದಿಗೆ ನಿಲ್ಲಿಸಿದ್ದ. ನನ್ನದೂ ಅದೇ ಮಾಡೆಲ್ಲಿನ ಗಾಡಿ. ಬಣ್ಣ ಮಾತ್ರ ಬೇರೆ.

ಮದುವೆ ಸೀಸನ್ನಿನಲ್ಲಿ ನನ್ನ ಗಾಡಿಯ ಮೀಟರಿನಲ್ಲಿ ಬ್ರೇಕಿನ ಎಬಿಎಸ್ ದೀಪ ಹತ್ತಿಕೊಂಡಿತು. ಆ ದೀಪ ಕೀ ತಿರುಗಿಸಿದಾಗ ಹತ್ತಿ, ಗಾಡಿ ನಾಲ್ಕು ಮಾರು ಮುಂದೆ ಹೋದ ಕೂಡಲೆ ಆರಬೇಕು. ನನ್ನದು ಆರಲೇ ಇಲ್ಲ. ಮೆಕ್ಯಾನಿಕ್ ಮುಂದಿನ ಚಕ್ರದ ಹತ್ತಿರ ಕೂತು ನೋಡಿ ನಕ್ಕ.

"ಇಲಿ ಕೆಲಸ ಅಣ್ಣ ಇದು. ನಿಮ್ಮ ಅಂಗಡಿ ಇಲಿಗೆ ಬಟ್ಟೆ ತಿಂದು ತಿಂದು ಬೇಜಾರಾಗಿ ವೈರ್ ತಿಂದಿದೆ."

ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸುವ ಹೆಬ್ಬೆಟ್ಟಿನಷ್ಟು ದೊಡ್ಡ ಸೆನ್ಸರು, ಅದಕ್ಕೊಂದು ವೈರು. ಅದು ಹೋದರೆ ಬ್ರೇಕೇನೋ ಹಿಡಿಯುತ್ತದೆ, ಆದರೆ ಗಾಬರಿಯಲ್ಲಿ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ವೈರಿಗೆ ಗಂಟು ಹಾಕಿದರೆ ನಿಲ್ಲುವುದಿಲ್ಲವಂತೆ, ಹೊಸದೇ ಬರಬೇಕು, ಅದಕ್ಕೆ ಹತ್ತು ಹದಿನೈದು ದಿನವಾದರೂ ಬೇಕು. ನಮಗೆ ಆ ವಾರವೇ ಸಿರಿಮನೆಯಲ್ಲಿ ಹೆಂಡತಿಯ ಕಡೆಯ ಮದುವೆ.

"ಆ ದೀಪ ಉರೀತಾ ಇದ್ರೆ ನಾನು ಹಿಂದೆ ಕೂರೋದಿಲ್ಲ" ಎಂದಳು ಅವಳು. "ಆ ಇಳಿಜಾರು, ಆ ತಿರುವು. ನೀವು ಹೋಗಿ ಉಂಡು ಬನ್ನಿ."

ಮೆಕ್ಯಾನಿಕ್‌ಗೆ ಹೇಳಿದೆ. ಆತ ಗೋಡೆಬದಿಯ ಗಾಡಿ ನೋಡಿದ. "ಅವರು ಎದ್ದು ಓಡಾಡಲಿಕ್ಕೆ ಇನ್ನೂ ಟೈಮಿದೆ ಮಾರಾಯ್ರೆ. ಅದರದ್ದು ಹಾಕ್ತೀನಿ. ಹೊಸದು ಬಂದಾಗ ಅದಕ್ಕೆ ಹಾಕಿದ್ರಾಯ್ತು."

ಗ್ಯಾರೇಜಿನಲ್ಲಿ ಇದು ದಿನಾ ನಡೆಯುವುದು. ನಿಂತ ಗಾಡಿಯದನ್ನು ಓಡುವ ಗಾಡಿಗೆ ಹಾಕುತ್ತಾರೆ, ಆಮೇಲೆ ಸರಿಮಾಡುತ್ತಾರೆ. ನಾನು ಬೇಡ ಎನ್ನಲಿಲ್ಲ. ಒಂದು ಬೋಲ್ಟು, ಒಂದು ಕನೆಕ್ಟರು, ಫೋರ್ಕಿನ ಮೇಲೆ ಎರಡು ಕ್ಲಿಪ್ಪು. ಚಾ ತರಿಸಿ ಕುಡಿಯುವಷ್ಟರಲ್ಲಿ ಮುಗಿಯಿತು. ಆ ಗಾಡಿಯ ಕನೆಕ್ಟರಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿದ.

ಮದುವೆ ಮುಗಿಸಿ ಕಿಗ್ಗದ ಕಡೆ ಇಳಿಯುವಾಗ ಪೊದೆಯೊಳಗಿಂದ ಒಂದು ಕರು ರಸ್ತೆಗೆ ಹಾರಿತು. ನಾನು ಎರಡೂ ಬ್ರೇಕು ಒತ್ತಿದೆ. ಲಿವರು ಕೈಯೊಳಗೆ ಗಡಗಡ ನಡುಗಿತು, ಚಕ್ರ ಕಚ್ಚಿಕೊಳ್ಳದೆ ಗಾಡಿ ನೆಟ್ಟಗೆ ನಿಂತಿತು. ಕರು ಬಾಲ ಎತ್ತಿಕೊಂಡು ಓಡಿತು. ಹೆಂಡತಿ ನನ್ನ ಭುಜ ಬಿಡದೆ, "ಸರಿ ಮಾಡಿಸಿದ್ದು ಒಳ್ಳೇದಾಯ್ತು" ಎಂದಳು. ಹೂಂ ಎಂದೆ. ಅದು ಯಾರದ್ದೆಂದು ಹೇಳಲಿಲ್ಲ.

ಹೊಸ ಸೆನ್ಸರು ಬಂತು, ಆದರೆ ಬೇರೆ ಮಾಡೆಲ್ಲಿನದು. ವಾಪಸು ಹೋಯಿತು. ಆಮೇಲೆ ನಾನೂ ಕೇಳಲಿಲ್ಲ, ಆತನೂ ಮಾತೆತ್ತಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದುರಿನ ಗಾಡಿಯ ಆ ಪ್ಲಾಸ್ಟಿಕ್ ಕಾಣುತ್ತಿತ್ತು. ಇವತ್ತು ಹೇಳಬೇಕು ಎಂದುಕೊಂಡೇ ದೇವರ ದೀಪ ಹಚ್ಚಿ ಊದುಬತ್ತಿ ಸಿಕ್ಕಿಸುತ್ತಿದ್ದೆ. ಅಷ್ಟರಲ್ಲಿ ಯಾರಾದರೂ ಬ್ಲೌಸ್ ಪೀಸು ಹಿಡಿದು ಬರುತ್ತಿದ್ದರು, ಮರೆಯುತ್ತಿದ್ದೆ. ಮರೆಯಲು ನನಗೆ ಅಷ್ಟೇ ಸಾಕಾಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹರಿಹರಪುರದ ಆ ಗಂಡಹೆಂಡತಿ ಬಸ್ಸಿಳಿದು ಗ್ಯಾರೇಜಿಗೆ ನಡೆದುಬಂದರು. ಗಂಡ ಬಲಗಾಲನ್ನು ತುಸು ಎಳೆಯುತ್ತಿದ್ದರು. ಆಕೆ ಗಟ್ಟಿ ಧ್ವನಿಯ ಸಣ್ಣ ಹೆಂಗಸು.

"ನಿಮ್ಮ ಗಾಡಿ ರೆಡಿ ಇದೆ, ಬ್ಯಾಟರಿ ಚಾರ್ಜ್ ಮಾಡಿದ್ದೇನೆ" ಎಂದ ಮೆಕ್ಯಾನಿಕ್.

"ಓಡಿಸಿ ತೋರಿಸಿ" ಎಂದರು ಆಕೆ. "ಆ ಬ್ರೇಕಿನ ದೀಪ ಆರಿದ್ರೆ ಮಾತ್ರ ಇವರನ್ನ ಹತ್ತಿಸೋದು. ಬಿದ್ದಾಗ ಇವರು ಹೇಳಿದ್ದೆಂತ ಗೊತ್ತುಂಟಾ? ಬನ್ನು ಒದ್ದೆಯಾಯ್ತು ಅಂತ!"

"ಒದ್ದೆ ಬನ್ನು ಯಾರು ತಗೊಳ್ತಾರೆ ಮಾರಾಯ್ತಿ" ಎಂದರು ಗಂಡ.

ಮೆಕ್ಯಾನಿಕ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಆಕೆ ಬಗ್ಗಿ ಮೀಟರು ನೋಡಿದರು. "ಉರೀತಾ ಉಂಟಲ್ಲ?"

"ಅದೊಂದು ಪಾರ್ಟ್ ಬರಬೇಕು ಅಕ್ಕ, ಹದಿನೈದು ದಿನ…"

"ಎಂಟು ತಿಂಗಳು ಇಲ್ಲೇ ಇತ್ತಲ್ಲ? ನಾಡಿದ್ದಿಂದ ಲೈನಿಗೆ ಹೋಗದಿದ್ರೆ ಅಂಗಡಿಯವರು ಬೇರೆಯವರ ಹತ್ರ ತಗೊಳ್ತಾರೆ. ಅರ್ಧ ಅಂಗಡಿ ಆಗಲೇ ಬಿಟ್ಟುಹೋಗಿದೆ."

ನನ್ನ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತ್ತು. ಮೆಕ್ಯಾನಿಕ್ ಒಮ್ಮೆ ನನ್ನ ಅಂಗಡಿಯ ಕಡೆ ನೋಡಿದ, ಮತ್ತೆ ಮುಖ ತಿರುಗಿಸಿಕೊಂಡ. ಇಡೀ ಲೋಕದಲ್ಲಿ ಆ ಸೆನ್ಸರು ಎಲ್ಲಿದೆ ಎಂದು ಗೊತ್ತಿದ್ದವರು ನಾವಿಬ್ಬರೇ. ಅದು ನನ್ನ ಗಾಡಿಯಲ್ಲಿ, ನನ್ನ ಅಂಗಡಿಯ ಮುಂದೆಯೇ ಇತ್ತು. ನಾನು ತಲೆ ಎತ್ತದೆ ಕೂತಿದ್ದರೂ ಏನೂ ಆಗುತ್ತಿರಲಿಲ್ಲ, ಕೂತೂ ಇದ್ದೆ, ಒಂದು ತೋಳಿನ ಹೊಲಿಗೆ ಮುಗಿಯುವವರೆಗೆ. ಆಮೇಲೆ ಎದ್ದು, ಗಾಡಿಯನ್ನು ತಳ್ಳಿಕೊಂಡು ರಸ್ತೆ ದಾಟಿದೆ.

"ಇದರಿಂದ ಬಿಚ್ಚಿ ಅದಕ್ಕೆ ಹಾಕು" ಎಂದೆ.

"ಅಯ್ಯೋ, ನಿಮ್ಮದನ್ನ ಯಾಕೆ ಕೊಡ್ತೀರಿ?" ಎಂದರು ಆಕೆ.

ಸ್ಪ್ಯಾನರು ಹುಡುಕುತ್ತಿದ್ದ ಮೆಕ್ಯಾನಿಕ್ ತಲೆ ಎತ್ತದೆ ಹೇಳಿಬಿಟ್ಟ: "ಅದು ನಿಮ್ಮ ಗಾಡಿದೇ ಅಕ್ಕ. ಇವರಿಗೆ ಮದುವೆಗೆ ಹೋಗೋ ಅರ್ಜೆಂಟಿತ್ತು, ನಾನೇ ಹಾಕಿಕೊಟ್ಟಿದ್ದೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವರು ಮಂಚದ ಮೇಲೆ ಮಲಗಿದ್ದಾಗ ನಮ್ಮ ಬ್ರೇಕ್ ಹಾಕ್ಕೊಂಡು ಮದುವೆಗೆ ಹೋಗಿದ್ರಾ?"

"ಹೌದಮ್ಮ. ತಪ್ಪಾಯ್ತು" ಎಂದೆ.

"ಊಟ ಹೇಗಿತ್ತು?" ಎಂದು ಕೇಳಿದರು ಗಂಡ, ನಗುತ್ತ. ಆಕೆ ಅವರ ತೋಳಿಗೆ ಒಂದು ಕೊಟ್ಟರು. ನನಗೆ ನಗಲಾಗಲಿಲ್ಲ. ಆಕೆ ಇನ್ನೂ ನಾಲ್ಕು ಮಾತು ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ.

ಸೆನ್ಸರು ಅದರ ಜಾಗಕ್ಕೆ ಹೋಯಿತು. ಗಂಡ ತಾವೇ ಹತ್ತಿ ಸ್ವಲ್ಪ ದೂರ ಹೋಗಿ ಬಂದರು. ಆಕೆ ಬಗ್ಗಿ ನೋಡಿದರು. ದೀಪ ಆರಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತ ಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮನೆಯವರನ್ನ ಈಗ ಆ ಗಾಡೀಲಿ ಕೂರಿಸ್ಬೇಡಿ" ಎಂದರು. ಸಿಟ್ಟಿನಲ್ಲೇ ಹೇಳಿದ್ದು. ನಿಧಾನವಾಗಿ ಹರಿಹರಪುರದ ಕಡೆ ಹೋದರು.

ನನ್ನ ಗಾಡಿಯನ್ನು ಅಲ್ಲೇ ಬಿಟ್ಟು ನರಸಿಂಹರಾಜಪುರದ ಬಸ್ಸು ಹತ್ತಿ ನಮ್ಮ ಸ್ಟಾಪಿನಲ್ಲಿಳಿದೆ. ಗಾಡಿ ಎಲ್ಲಿ ಎಂದು ಹೆಂಡತಿ ಕೇಳಿದಳು. ಕೈಕಾಲು ತೊಳೆದು ಬಂದು ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಅವರ ಕಾಲು ಈಗ ಹೇಗುಂಟಂತೆ? ರಾಡ್ ಹಾಕಿದ್ದಾರಂತಾ?"

ನಾನು ಕೇಳಿರಲಿಲ್ಲ.