ಗದ್ದೆಪ್ಪನ ಸನಾದಿಯ ಮೂರನೇ ತೂತು

ಮಸ್ಕಿಯ ಹುಸೇನ್‌ಸಾಬರಿಗೆ ಒಂದು ಜಂಬವಿತ್ತು: ಹಳೆಯ ಸನಾದಿ, ಅದರ ಅಳತೆಗೆ ತಾವು ಮಾಡಿದ ನಕಲು, ಎರಡನ್ನೂ ಮುಂದಿಟ್ಟರೆ ಊದಿದವನಿಗೂ ಗುರುತು ಸಿಗಬಾರದು. ಇರಲಿ ಬಿಡಿ, ಜಂಬ ಪಡುವಷ್ಟು ಕೈಗುಣವೂ ಇತ್ತು. ಅಜ್ಜ ಮುತ್ತಜ್ಜರ ಕಾಲದ ಸನಾದಿ, ಕೊಳಲುಗಳಿಗೆ ಅದೇ ಜಾತಿಯ ಕಟ್ಟಿಗೆ ಹುಡುಕಿ ತರುತ್ತಿದ್ದರು.

ಸಂತೆಕಲ್ಲೂರಿನ ತಾಯಪ್ಪ, ಹೆಂಡತಿ ಯಮನಮ್ಮನ ಜೊತೆ ಆಟೋ ಹತ್ತಿ ಬಂದದ್ದು ತೀರಿಹೋದ ಅಪ್ಪ ಗದ್ದೆಪ್ಪನ ಸನಾದಿ ಹಿಡಿದು. ಉದ್ದಕ್ಕೂ ಸೀಳಿತ್ತು, ಊದಿದರೆ ಬರೀ ಗಾಳಿ. ರೆಕಾರ್ಡು ಗಿಕಾರ್ಡು ಏನೂ ಇಲ್ಲ. ಗದ್ದೆಪ್ಪನ ನಾದ ಉಳಿದದ್ದು ಈ ಗಂಡ ಹೆಂಡಿರ ಕಿವಿಯಲ್ಲಿ ಮಾತ್ರ.

“ಅಪ್ಪನ ದನಿ ಒಮ್ಮೆ ಹೊಳ್ಳಿ ಕೇಳಬೇಕ್ರೀ ಸಾಬ್ರ, ಅಷ್ಟ ಸಾಕು,” ಎಂದ ತಾಯಪ್ಪ.

ನಕಲು ಮುಗಿಯಲು ಇಪ್ಪತ್ತು ದಿನ ಹಿಡಿಯಿತು. ತಾಯಪ್ಪ ಊದಿದ. ಸ್ವರ ಒಂದಕ್ಕಿಂತ ಒಂದು ಶುದ್ಧ. ಹುಸೇನ್‌ಸಾಬ್ ಮೀಸೆಯಲ್ಲೇ ನಕ್ಕರು. ತಾಯಪ್ಪ ಅರ್ಧಕ್ಕೇ ಕೆಳಗಿಟ್ಟ.

“ಛಲೋ ಐತ್ರೀ. ಆದ್ರ ನಮ್ಮಪ್ಪಂದಲ್ಲ.”

ಹುಸೇನ್‌ಸಾಬರಿಗೆ ಉರಿದುಹೋಯಿತು. “ಏನ್ ಮಾತಾಡ್ತೀಯೋ ಮಾರಾಯ! ಕೂದಲೆಳಿ ಫರಕಿಲ್ಲ. ಮೂರನೇ ತೂತು ಒಂದ್ ಮಗ್ಗಲಿಗೆ ಸವದಿತ್ತು, ಅದನ್ನ ದುಂಡಗ ಮಾಡೀನಿ, ಅಷ್ಟ!”

ಬಾಗಿಲ ಬಳಿ ಕುಳಿತಿದ್ದ ಯಮನಮ್ಮ ಎದ್ದೇ ಬಂದಳು. “ಅಯ್ಯ ಯಣ್ಣಾ, ಅದು ಸವದಿದ್ದಲ್ಲ! ಮಾವಾರ ಬೆರಳು ಮುರದು ಸೊಟ್ಟ ಕೂಡಿತ್ತು, ಮ್ಯಾಲ ಎತ್ತಾಕ ಬರ್ತಿದ್ದಿಲ್ಲ. ಮಗ್ಗಲಿಗಿ ಸರಿಸಿ ಊದಾಕ ಬರಲಿ ಅಂತ ತಾವ ಸರಳು ಕಾಸಿ ತೂತಿನ ಮಗ್ಗಲ ಸುಟ್ಟಿದ್ರು.” ಗಂಡನ ಕಡೆ ತಿರುಗಿದಳು. “ಅವತ್ತು ನೀವು ಸಿಂಧನೂರಿಗೆ ಮದಿವಿ ಊದಾಕ ಹೋಗಿದ್ರಿ.”

ಹುಸೇನ್‌ಸಾಬ್ ಹಳೆಯ ಸನಾದಿ ಎತ್ತಿಕೊಂಡು ಆ ತೂತಿನ ಅಂಚಿಗೆ ಬೆರಳಾಡಿಸಿದರು. ನಲವತ್ತು ವರ್ಷದ ಕಸುಬು. ಒಬ್ಬ ಮನುಷ್ಯನ ಕೈಕೆಲಸವನ್ನು ಸವಕಲು ಅಂದುಕೊಂಡು ತಿದ್ದಿಬಿಟ್ಟಿದ್ದರು. ನಾಚಿಕೆಯಾಯಿತು. ಭಯವೂ ಆಯಿತು, ಯಾಕೆಂದರೆ ಆ ಜಾತಿಯ ಕಟ್ಟಿಗೆ ಮುಗಿದಿತ್ತು. ಒಂದು ಚೂರು ಜಾಸ್ತಿ ಸುಟ್ಟರೆ ಗದ್ದೆಪ್ಪನ ನಾದ ಅಲ್ಲಿಗೇ ಮುಗಿಯಿತು.

ಸರಳು ಕೆಂಪಗೆ ಕಾಯಿತು. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಎರಡೇ ಸಲ ತಾಗಿಸಿದರು. ಚೆಂದದ ದುಂಡು ತೂತು ಓರೆಯಾಯಿತು.

ತಾಯಪ್ಪ ಮತ್ತೆ ಊದಿದ. ಈ ಸಲ ಬೆರಳು ಎತ್ತದೆ ಮಗ್ಗುಲಿಗೆ ಜಾರಿಸಿದ. ಸ್ವರ ಥಟ್ಟನೆ ಏಳದೆ ನರಳುತ್ತ ನರಳುತ್ತ ಮೇಲೆದ್ದಿತು.

ಯಮನಮ್ಮ ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಮಾವ ಮನೆಯಲ್ಲಿದ್ದಾಗ ಮಾಡುತ್ತಿದ್ದಂತೆ, ಬಾಗಿಲ ಮರೆಗೆ ಸರಿದು ನಿಂತಳು.