ಹಳೇದು ತಂದ್ರೆ ಹೊಸದು

ಮೂರನೆಯ ಬಕೆಟ್ಟು ಮನೆಯೊಳಗೆ ಬಂದ ದಿನ ಸ್ಟೋರಪ್ಪನ ಅಕ್ಕನಿಗೆ ತಡೆಯಲಾಗಲಿಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಕೇಳಿದ್ದೆ. ನೀನು ಬಕೆಟ್ಟೂ ಪೇರಿಸಿಡ್ತಿದ್ದೀಯಲ್ಲೋ! ಹುಟ್ಟೋದು ಒಂದು ಮಗುನೋ, ಒಂದು ಬಸ್ಸು ತುಂಬ ಜನಾನೋ?"

"ಒಂದು ಬಿಸಿನೀರಿಗೆ, ಒಂದು ಒಗೆಯೋಕೆ, ಇನ್ನೊಂದು ಇರ್ಲಿ ಅಂತ," ಎಂದ ಸ್ಟೋರಪ್ಪ, ಬಕೆಟ್ಟಿನ ಹಿಡಿಯನ್ನು ಎರಡು ಸಲ ಜಗ್ಗಿ ನೋಡುತ್ತ. ಅಂಗಡಿಯವನ ಮಾತು ನಂಬಿ ಯಾವ ಸಾಮಾನನ್ನೂ ಒಳಗೆ ಬಿಟ್ಟುಕೊಂಡವನಲ್ಲ ಅವನು.

ಸ್ಟೋರಪ್ಪ ಎಂಬುದು ಡಿಪೋದವರು ಇಟ್ಟ ಹೆಸರು. ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣದಲ್ಲೇ ಅವನ ತಲೆಗೂದಲು ನೆರೆದು, ಅಲ್ಲಿಂದಲೇ ನಿವೃತ್ತಿಯೂ ಆಯಿತು. ಅಲ್ಲಿ ಅವನ ಕಾನೂನು ಒಂದೇ: ಹಳೇದು ತಂದ್ರೆ ಹೊಸದು. ಹರಿದ ಫ್ಯಾನ್ ಬೆಲ್ಟನ್ನು ಕಟ್ಟೆಯ ಮೇಲಿಟ್ಟವನಿಗೆ ಹೊಸ ಬೆಲ್ಟು, ಸುಟ್ಟ ಬಲ್ಬು ಇಟ್ಟವನಿಗೆ ಹೊಸ ಬಲ್ಬು. ಬರಿಗೈಯಲ್ಲಿ ಬಂದವನು ಮ್ಯಾನೇಜರೇ ಆಗಲಿ, "ಹಳೇದೆಲ್ಲಿ ಸಾರ್?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಕಾನೂನಿಗೆ ಕಾರಣವೂ ಇತ್ತೆನ್ನಿ. ಅದಿಲ್ಲದಿದ್ದರೆ ಡಿಪೋದ ಬಲ್ಬುಗಳಲ್ಲಿ ಅರ್ಧದಷ್ಟು ಡಿಪೋದವರ ಮನೆಗಳಲ್ಲೇ ಉರಿಯುತ್ತಿದ್ದವು.

ಪೇಚಾಟವೆಲ್ಲ ಶುರುವಾದದ್ದು ಅವನು ಆ ಕಾನೂನನ್ನು ಮನೆಗೂ ತಂದಾಗ. ಹಜಾರದ ಪಕ್ಕದ ಕೋಣೆಗೆ ತಾನೇ ನಿಂತು ಸೊಂಟದೆತ್ತರದ ಅರ್ಧ ಬಾಗಿಲು ಮಾಡಿಸಿದ; ಅದರ ನೆತ್ತಿಗೆ, ಸಾಮಾನು ಇಡಲು ತೆಗೆಯಲು, ಒಂದು ಹಲಗೆ. ಬಾಗಿಲಿಗೆ ಬೀಗ, ಬೀಗದ ಕೈ ಅವನ ಬೆಲ್ಟಿನಲ್ಲಿ. ಮನಸ್ಸು ಮಾಡಿದರೆ ಯಾರು ಬೇಕಾದರೂ ದಾಟಿ ಹೋಗಬಹುದಾದ ಬಾಗಿಲು ಅದು. ಆದರೂ ಆ ಮನೆಯಲ್ಲಿ ಯಾರೂ ದಾಟಲಿಲ್ಲ. ಉಗುರಿನಷ್ಟಾದ ಸೋಪಿನ ಚೂರು ತೋರಿಸಿದರೆ ಹೊಸ ಸೋಪು, ಹಿಂಡಿ ಚಪ್ಪಟೆ ಮಾಡಿದ ಟ್ಯೂಬು ಕೊಟ್ಟರೆ ಹೊಸ ಪೇಸ್ಟು. ಮಗಳು ಬೆರಳಲ್ಲಿ ಹಿಡಿಯಲೂ ಆಗದ ಪೆನ್ಸಿಲ್ ತುಂಡನ್ನು ತಂದು, ಸ್ಟೂಲಿನ ಮೇಲೆ ನಿಂತು, ಹಲಗೆಯ ಮೇಲಿಡುತ್ತಿದ್ದಳು. ಹೆಂಡತಿ ಬದುಕಿರುವವರೆಗೂ ಗೊಣಗಿದಳು, ಗೊಣಗುತ್ತಲೇ ಸೋಪಿನ ಚೂರು ಜೋಪಾನ ಮಾಡಿದಳು.

ಹಾಗೆಂದು ಅವನನ್ನು ಜುಗ್ಗ ಎಂದರೆ ನಾಲಿಗೆಗೆ ಪಾಪ ಸುತ್ತಿಕೊಳ್ಳುತ್ತದೆ. ತರುವುದೆಲ್ಲ ಒಳ್ಳೆಯದೇ, ಯಾವುದಕ್ಕೂ ಕೊರತೆ ಮಾಡಿದವನಲ್ಲ. ಒಂದು ಕೈಯಲ್ಲಿ ಇಸಿದುಕೊಳ್ಳದೆ ಇನ್ನೊಂದು ಕೈಯಲ್ಲಿ ಕೊಡುವುದು ಆ ಕೈಗಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಆ ಮಗಳು ಬಸುರಿ. ಊರಿನ ಇನ್ನೊಂದು ತುದಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ. ಅಳಿಯನದು ಕರೆಂಟಿನ ಟವರ್ ನಿಲ್ಲಿಸುವ ಕೆಲಸ. ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. "ಹೆರಿಗೆ ಆದ್ಮೇಲೆ ಕೂಸನ್ನ ಎತ್ಕೊಂಡು ಇಲ್ಲಿಗೇ ಬಂದುಬಿಡು, ನಾನಿದ್ದೀನಿ, ಅತ್ತೆ ಇದ್ದಾಳೆ," ಎಂದು ಸ್ಟೋರಪ್ಪ ಫೋನಿನಲ್ಲಿ ಹೇಳಿದ್ದ. "ನೋಡೋಣ ಅಪ್ಪ," ಎಂದಿದ್ದಳು ಮಗಳು. ಆ "ನೋಡೋಣ"ವನ್ನು "ಆಗಲಿ" ಎಂದುಕೊಂಡು ಅವನು ಸಾಮಾನು ತುಂಬಲು ಹೊರಟಿದ್ದ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಗಡಿಯಾರದ ಸದ್ದೇ ದೊಡ್ಡದು. ಅಲ್ಲಿ ಒಂದು ಮಗು ಅಳುವುದನ್ನು ಕೇಳಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದನ್ನು ಯಾರ ಮುಂದೆಯೂ ಹೇಳಲಾರದೆ ಫಿನಾಯಿಲ್ ಕೊಂಡು ತರುತ್ತಿದ್ದ.

ಫಿನಾಯಿಲ್ ಜೊತೆಗೆ ಸೋಪಿನ ಪುಡಿ, ಹತ್ತಿ, ಥರ್ಮಾಮೀಟರು, ಬಟ್ಟೆ ಕ್ಲಿಪ್ಪು, ಬೆಂಕಿಪೊಟ್ಟಣ, ಕರೆಂಟು ಹೋದರೆ ಎಂದು ಮೇಣದ ಬತ್ತಿ, ಮೇಣದ ಬತ್ತಿ ಕೈಕೊಟ್ಟರೆ ಎಂದು ಟಾರ್ಚು. ಮಗುವಿನ ಬಟ್ಟೆಯಂತೂ ಗರಿಗರಿ ಹೊಸದು, ಪ್ಲಾಸ್ಟಿಕ್ ಕೂಡ ಬಿಚ್ಚದೆ, ಬಿಳಿಯದೊಂದು ಕಡೆ ಹಳದಿಯದೊಂದು ಕಡೆ. ಸಕ್ಕರೆ, ಚಹಾಪುಡಿ, ಉಪ್ಪು ಬೇರೆ ಶೆಲ್ಫಿಗೆ. ಉಗ್ರಾಣ ತುಂಬಿದಷ್ಟೂ ಅವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಒಂದು ಭಾನುವಾರ ಮಗಳೂ ಅಳಿಯನೂ ಬಂದರು. ಸ್ಟೋರಪ್ಪ ಬೀಗ ತೆಗೆದು ಒಳಗೆ ಹೋಗಿ, ಅಭ್ಯಾಸದಂತೆ ಅರ್ಧ ಬಾಗಿಲನ್ನು ಹಿಂದಿನಿಂದ ಮುಚ್ಚಿಕೊಂಡು, ಆ ಕಡೆ ನಿಂತು ಒಂದೊಂದನ್ನೇ ಎತ್ತಿ ತೋರಿಸಿದ. ಈ ಕಡೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಅಳಿಯ "ಅಬ್ಬಾ, ನಮ್ಮ ಸೈಟಲ್ಲೂ ಇಷ್ಟು ಸಾಮಾನಿಲ್ಲ ಮಾವ" ಎಂದ. ಅಷ್ಟು ಸಾಕಾಯಿತು. ಸ್ಟೋರಪ್ಪ ಉಬ್ಬಿಹೋಗಿ ಕಂಬಳಿಯ ಕಥೆ ತೆಗೆದ.

ಕಂಬಳಿಯ ಕಥೆ ಕೇಳದವರು ಡಿಪೋದಲ್ಲಾಗಲಿ ಬೀದಿಯಲ್ಲಾಗಲಿ ಇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೆಂಡದಂಥ ಜ್ವರ. ಚಳಿ ತಡೆಯಲಾಗದೆ ಇನ್ನೊಂದು ಕಂಬಳಿ ಬೇಕಾಯಿತು. ಹುಡುಗಿ ಹಾಸಿಗೆಯಿಂದ ತಾನೇ ಎದ್ದು, ಹೊದ್ದಿದ್ದ ಹಳೆ ಕಂಬಳಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಅರ್ಧ ಬಾಗಿಲ ಮುಂದೆ ನಿಂತು, "ತಗೋ ಅಪ್ಪ, ಹಳೇದು" ಎಂದಿದ್ದಳು. "ನಾನು ಕೇಳೋಕೆ ಮುಂಚೇನೇ! ಅಂಥ ಜ್ವರದಲ್ಲೂ ಕಾನೂನು ಮರೀಲಿಲ್ಲ ನನ್ನ ಮಗಳು," ಎನ್ನುವಾಗ, ಈ ಕಥೆಯ ಕೊನೆಯಲ್ಲಿ, ಅವನ ಕಣ್ಣು ಪ್ರತಿ ಸಲವೂ ತೇವವಾಗುತ್ತಿತ್ತು.

ಆ ದಿನ ಕಥೆ ಕೊನೆಯವರೆಗೆ ಹೋಗಲಿಲ್ಲ.

"ಅಪ್ಪ, ಆ ಕಥೆ ಬಿಡು," ಎಂದಳು ಮಗಳು. "ನಾನೂ ಇವರಿಗೆ ಹೇಳಿದ್ದೀನಿ ಅದನ್ನ. ನೀನು ಹೇಳೋ ಹಾಗಲ್ಲ."

ಅಳಿಯ ಕಿಟಕಿಯ ಕಡೆ ತಿರುಗಿದ. ಅವನು ಮೊದಲೇ ಕೇಳಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನಡುಗ್ತಾ ಇದ್ದೆ ಅಪ್ಪ. ಇದ್ದ ಕಂಬಳೀನೂ ಕೊಟ್ರೆ ತಾನೇ ಇನ್ನೊಂದು ಸಿಗೋದು ಅಂತ ಎಳ್ಕೊಂಡು ಬಂದೆ. ನೀನು ಎತ್ಕೋತೀಯ ಅಂದ್ಕೊಂಡಿದ್ದೆ. ನೀನು ಭೇಷ್ ಅಂದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. "ನೀನು ಒಳ್ಳೆಯವನೇ ಅಪ್ಪ. ಆದ್ರೆ ಕೈಯಲ್ಲಿ ಕೂಸಿಟ್ಕೊಂಡು ಮತ್ತೆ ಈ ಬಾಗಿಲ ಮುಂದೆ ನಿಲ್ಲೋಕೆ ನನ್ನ ಕೈಲಿ ಆಗಲ್ಲ. ನಮ್ಮನೇಲೇ ಇರ್ತೀನಿ. ಯಾರನ್ನಾದ್ರೂ ಕೆಲಸಕ್ಕೆ ಇಟ್ಕೋತೀವಿ."

ಅವರು ಹೋದ ಮೇಲೂ ಸ್ಟೋರಪ್ಪ ಬಾಗಿಲ ಆ ಕಡೆಯೇ ನಿಂತಿದ್ದ. ಅದೇ ಕಥೆಯನ್ನು ಅವನು ನೂರು ಸಲ ಹೇಳಿದ್ದ, ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ. ಒಂದು ಸಲವಾದರೂ ಅದನ್ನು ಬಾಗಿಲ ಈ ಕಡೆಯಿಂದ ಕೇಳಿಸಿಕೊಂಡಿರಲಿಲ್ಲ.

ಅಕ್ಕ ಬಂದು ಹಲಗೆಯ ಮೇಲಿದ್ದ ಪ್ಲಾಸ್ಟಿಕ್ಕಿನೊಳಗಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಸಮಾಧಾನ ಹೇಳುವ ಜಾಯಮಾನ ಅವಳದಲ್ಲ. ಏನಾದರೂ ತಪ್ಪು ತೋರಿಸುವುದೇ ಅವಳು ಬೆನ್ನು ಸವರುವ ರೀತಿ.

"ಇದೇನೋ ಇದು, ರಟ್ಟಿನ ಹಾಗಿದೆ! ಹಸುಗೂಸಿನ ಮೈಗೆ ಇಂಥದ್ದು ಚುಚ್ಚುತ್ತೆ ಕಣೋ. ಒಗೆದು ಒಗೆದು ಮೆತ್ತಗಾದ ಹಳೇ ಬಟ್ಟೆ ಬೇಕು. ಅದೊಂದು ಬಿಟ್ಟು ಜಗತ್ತಿನಲ್ಲಿರೋದೆಲ್ಲ ತಂದಿದ್ದೀಯ."

ಸ್ಟೋರಪ್ಪ ಕೋಣೆಯ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು ಮುಚ್ಚಳ ತೆಗೆದ. ಡಿಪೋದಲ್ಲಾದರೆ ವಾಪಸ್ ಬಂದ ಹಳೇದೆಲ್ಲ ಗುಜರಿಗೆ ಹೋಗುತ್ತಿತ್ತು. ಮನೆಯದನ್ನು ಗುಜರಿಗೆ ಹಾಕಲು ಅವನಿಗೆ ಎಂದೂ ಮನಸ್ಸು ಬಂದಿರಲಿಲ್ಲ. ಹೆಂಡತಿಯ ಸೀರೆಗಳು, ದುಪ್ಪಟಿಗಳು, ಮಗಳ ಫ್ರಾಕುಗಳು, ಎಲ್ಲ ಒಗೆದು ಮಡಿಸಿ ಇಟ್ಟಿದ್ದ. ತಳದಲ್ಲಿ ಆ ಕಂಬಳಿ.

"ಅಯ್ಯೋ ಶಿವನೇ," ಎಂದಳು ಅಕ್ಕ. ಅವಳಿಂದ ಅಷ್ಟೇ ಮಾತು ಹೊರಟದ್ದು ಅಪರೂಪ.

ಮರುದಿನ ಸ್ಟೋರಪ್ಪ ಸ್ಕ್ರೂಡ್ರೈವರ್ ಹಿಡಿದು ಅರ್ಧ ಬಾಗಿಲ ಮುಂದೆ ಕುಳಿತ. ಹಳೆಯ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು, ಕಾದು, ಬೈದು, ಒಂದೊಂದನ್ನೇ ತೆಗೆದ. ಬಾಗಿಲು ಕೈಗೆ ಬಂದಾಗ ಅದರ ಹೊರಮೈ ಮೊದಲ ಸಲ ಅವನ ಮುಖಕ್ಕೆ ಹತ್ತಿರವಾಯಿತು. ಕೆಳಗೆ, ಸ್ಟೂಲು ಮರೆಮಾಡುತ್ತಿದ್ದ ಜಾಗದಲ್ಲಿ, ಮೊಳೆಯಿಂದ ಗೀಚಿದ ಚಿತ್ರವೊಂದಿತ್ತು. ಉದ್ದಕ್ಕೆ ಒಂದು ಗೆರೆ. ಗೆರೆಯ ಮೇಲೆ ದೊಡ್ಡದೊಂದು ತಲೆ, ಮೀಸೆ ಸಮೇತ. ಮೈಕೈ ಏನೂ ಇಲ್ಲ. ಗೆರೆಯ ಕೆಳಗೆ ಜಡೆಯ ಪುಟ್ಟ ಹುಡುಗಿ, ಎರಡೂ ಕೈ ಮೇಲೆತ್ತಿಕೊಂಡು. ಸ್ಟೋರಪ್ಪ ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ. ಅಕ್ಕ ಚಹಾ ತಂದಿಟ್ಟಳು, ಅದು ಆರಿಹೋಯಿತು.

ಆ ವಾರವೆಲ್ಲ ಮನೆಯಲ್ಲಿ ಗರಗಸದ ಸದ್ದು. ಬಾಗಿಲಿಗೆ ನಾಲ್ಕು ಕಾಲು ಬಂದವು. ನೆತ್ತಿಯ ಹಲಗೆಯನ್ನು ಸೀಳಿ, ಮಗು ಉರುಳದಂತೆ ಸುತ್ತಲೂ ತಡೆ ಕಟ್ಟಿದ. ಕೂಸಿಗೆ ಬಟ್ಟೆ ಬದಲಿಸಲು, ಒರೆಸಲು, ಎಣ್ಣೆ ಹಚ್ಚಲು ಬಗ್ಗಬೇಕಿಲ್ಲದ ಎತ್ತರದ ಮೇಜು ಅದು. ಕಾಲುಗಳನ್ನು ಎರಡೆರಡು ಸಲ ಅಲ್ಲಾಡಿಸಿ ನೋಡಿ, ತಳ್ಳುಗಾಡಿಯವನನ್ನು ಕರೆದು, ಮೇಜನ್ನೂ ತಗಡಿನ ಪೆಟ್ಟಿಗೆಯನ್ನೂ ಹೇರಿಸಿಕೊಂಡು, ಗಾಡಿಯ ಪಕ್ಕದಲ್ಲೇ ನಡೆದು ಊರಿನ ಆ ತುದಿಗೆ ಹೋದ.

"ಇದೇನಪ್ಪ ಇದು?" ಮಗಳು ಬಾಗಿಲು ತೆಗೆದು ಬೆರಗಾದಳು.

"ನೀನು ಬರೋದು ಬೇಡ. ಇಲ್ಲೇ ಆರಾಮಾಗಿರು. ಇದು ಕೂಸಿಗೆ," ಎಂದು ಸ್ಟೋರಪ್ಪ ಏದುಸಿರು ಬಿಡುತ್ತ ಮೇಜನ್ನು ಕಿಟಕಿಯ ಬೆಳಕಿಗೆ ಇಟ್ಟ. ಪೆಟ್ಟಿಗೆಯಿಂದ ಕಂಬಳಿ ತೆಗೆದು, ನಾಲ್ಕಾಗಿ ಮಡಿಸಿ, ಮೇಜಿನ ಮೇಲೆ ಹಾಸಿದ. ಒಂದು ಪಕ್ಕ ಮಾತ್ರ ಖಾಲಿ ಉಳಿಯಿತು. ಅಲ್ಲಿ ಆ ಗೀಚಿದ ಚಿತ್ರ.

ಮಗಳು ಮೊದಲು ಕಂಬಳಿ ನೋಡಿದಳು. ಆಮೇಲೆ ಚಿತ್ರ ನೋಡಿದಳು. ಬೆರಳಿನಿಂದ ಮೀಸೆಯನ್ನು ಮುಟ್ಟಿದಳು.

"ಇದನ್ನ ಉಜ್ಜಿ ತೆಗೀಲಿಲ್ವಾ?"

"ಮರಳು ಕಾಗದ ತಂದಿದ್ದೆ. ಕೈ ಬರ್ಲಿಲ್ಲ." ಸ್ಟೋರಪ್ಪ ನೆಲ ನೋಡುತ್ತ ನಿಂತ. ಡಿಪೋದ ಮೆಕ್ಯಾನಿಕ್ಕುಗಳು ಬರಿಗೈಯಲ್ಲಿ ಬಂದಾಗ ನಿಲ್ಲುತ್ತಿದ್ದುದು ಹೀಗೆಯೇ. "ಎತ್ಕೋಬೇಕಿತ್ತು ಮಗಳೇ ನಾನು. ಕಂಬಳಿ ಆಮೇಲೆ ಕೊಡಬಹುದಿತ್ತು."

ಮಹಡಿಯ ಮೆಟ್ಟಿಲ ಮೇಲೆ ಗಾಡಿಯವನು ಬೀಡಿ ಹಚ್ಚಿಕೊಂಡು ಕೆಮ್ಮಿದ. ಮಗಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಹಾಗಾದ್ರೆ ಆ ಕೋಣೆಗೆ ಬಾಗಿಲು?"

"ಇಲ್ಲ."

"ಬೀಗ?"

"ಯಾವುದಕ್ಕೆ ಹಾಕ್ಲಿ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮೆಟ್ಟಿಲ ಹತ್ತಿರ ಹೋಗಿ, "ಅಣ್ಣಾ, ಹೋಗ್ಬೇಡಿ, ಇದನ್ನ ವಾಪಸ್ ಒಯ್ಯಬೇಕು," ಎಂದು ಕೂಗಿದಳು. ಅಪ್ಪನ ಕಡೆ ತಿರುಗಿ, "ಇಲ್ಲಿ ಇಟ್ರೆ ನಮಗೆ ಓಡಾಡೋಕೆ ಜಾಗ ಇಲ್ಲ. ಹೆರಿಗೆ ಆದ್ಮೇಲೆ ಸೀದಾ ಅಲ್ಲಿಗೇ ಬರ್ತೀನಿ," ಎಂದಳು. ತಂದ ಗಾಡಿಯಲ್ಲೇ ಮೇಜೂ ಪೆಟ್ಟಿಗೆಯೂ ಹಿಂದಿರುಗಿದವು. ಈ ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡ ಗಾಡಿಯವನು, ಮುದುಕ ದಾರಿಯುದ್ದಕ್ಕೂ ಒಬ್ಬನೇ ನಗುವುದನ್ನು ಕಂಡು ಅದನ್ನು ಖಚಿತ ಮಾಡಿಕೊಂಡ.

ಹುಟ್ಟಿದ್ದು ಹೆಣ್ಣು. ಆಸ್ಪತ್ರೆಯಿಂದ ಮಗಳು ಬಂದ ಬೆಳಿಗ್ಗೆ ಸ್ಟೋರಪ್ಪ ಹಜಾರದಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಮಗಳು ಕೂಸನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಹಳೇದೆಲ್ಲಿ?"

ಅಳಿಯ ಕಿಸಕ್ಕನೆ ನಕ್ಕ. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹಾಗೆ ಕೇಳು! ಬರಿಗೈಯಲ್ಲಿ ಬಂದವರಿಗೆ ಏನೂ ಕೊಡ್ಬೇಡ," ಎಂದಳು. ಸ್ಟೋರಪ್ಪ ನಿಜವಾಗಿಯೂ ಗಾಬರಿಯಾಗಿ ಜೇಬು ತಡಕಿದ, ಅಂಗಿ ತಡಕಿದ. ಕೊನೆಗೆ ಬೆಲ್ಟಿನಲ್ಲಿ ಕೈಗೆ ಸಿಕ್ಕದ್ದು ಬೀಗದ ಕೈ. ಬಾಗಿಲು ಹೋದರೂ ಅದನ್ನು ಬಿಚ್ಚಿಡಲು ಮರೆತಿದ್ದ. ಬಿಚ್ಚಿ ಮಗಳ ಅಂಗೈಗಿಟ್ಟ. ಅವಳು ಕೂಸನ್ನು ಅವನ ತೋಳಿಗೆ ಕೊಟ್ಟಳು.

ತೋಳಿಗೆ ಬಂದ ಹೊಸ ಸಾಮಾನನ್ನು ಅವನು ಜಗ್ಗಿ ನೋಡಲಿಲ್ಲ, ಅಲ್ಲಾಡಿಸಿ ನೋಡಲಿಲ್ಲ. ಉಸಿರಾಡಲೂ ಹೆದರಿ ನಿಂತ. ಕೂಸು ಮಾತ್ರ ಯಾವ ಹಂಗೂ ಇಲ್ಲದೆ ತಾತನ ಒಗೆದ ಅಂಗಿಯನ್ನು ಬೆಚ್ಚಗೆ ತೋಯಿಸಿ, ಆ ಮನೆ ಬಹಳ ದಿನದಿಂದ ಕಾದಿದ್ದ ಅಳುವನ್ನು ಶುರು ಮಾಡಿತು.

"ಬಟ್ಟೆ, ಬಟ್ಟೆ!" ಎಂದು ಕೂಗಿದ ಸ್ಟೋರಪ್ಪ, ಕೂಸನ್ನು ಬಿಟ್ಟು ಅಲುಗಲಾರದೆ. "ಬೇಗ ತಗೊಂಡ್ಬಾರೇ!"

ಮಗಳು ಕೋಣೆಯ ಹತ್ತಿರ ಹೋಗಿ, ಬಾಗಿಲಿದ್ದ ಜಾಗದಲ್ಲಿ ಅಭ್ಯಾಸಬಲದಿಂದ ನಿಂತಳು. ಆಮೇಲೆ ಒಳಗೆ ಕಾಲಿಟ್ಟಳು. ಹುಟ್ಟಿ ಬೆಳೆದ ಮನೆಯಲ್ಲಿ ಆ ಕೋಣೆಯೊಳಗೆ ಅವಳು ಹೋದದ್ದು ಅದೇ ಮೊದಲು.