ಮಳಿಗೆಯ ಟಿವಿಯಲ್ಲಿ ಅವ್ವ

ಸೋಮನಹಳ್ಳಿಯ ಕಂಪನಿಯೊಂದು ಬೋರ್‌ವೆಲ್ಲಿನ ಗಡಸು ನೀರನ್ನು ಸಿಹಿ ಮಾಡುವ ಹೊಸ ಯಂತ್ರ ತಯಾರಿಸುತ್ತದೆ. ಅದನ್ನು ಕೈಗಾರಿಕಾ ಮೇಳಗಳಲ್ಲಿ ಮಾರುವುದು ಸೌಮ್ಯಳ ಕೆಲಸ. ಮಾತಿನಲ್ಲಿ ಗಟ್ಟಿಗಿತ್ತಿ. ಮುಖ ಸಿಂಡರಿಸಿಕೊಂಡು ಬಂದವನ ಕೈಗೂ ಒಂದು ಲೋಟ ನೀರು ಹಿಡಿಸಿಯೇ ಬಿಡುವಳು.

ಮೇಳದ ಮಳಿಗೆಯ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದ ಜಾಹೀರಾತಿನಲ್ಲಿ ಇದ್ದವಳು ಅವಳ ಅವ್ವ ಮುದ್ದಮ್ಮ. ಬಂಡೂರಿನ ಹತ್ತಿರದ ಅವರ ಊರಿಗೇ ಕ್ಯಾಮೆರಾ ಹೋಗಿತ್ತು. "ಅಜ್ಜಿ, ನೀವು ಕುಡೀರಿ" ಎಂದು ಯಂತ್ರದ ನೀರಿನ ಲೋಟ ಕೈಗಿತ್ತು ಕ್ಯಾಮೆರಾದವರು ಎಷ್ಟು ಹೇಳಿದರೂ ಮುದ್ದಮ್ಮ ಕೇಳಲಿಲ್ಲ. ಮನೆಗೆ ಬಂದವರ ಎದುರು ತಾನು ಮೊದಲು ಕುಡಿಯುವುದುಂಟೇ? ಲೋಟವನ್ನು ಕ್ಯಾಮೆರಾಕ್ಕೇ ಚಾಚಿ, "ತಕ್ಕೊಳಪ್ಪ, ಕುಡಿ" ಅಂದುಬಿಟ್ಟಳು. ಮಾಲೀಕ ಜಯಪ್ರಕಾಶ್‌ಗೆ ಅದೇ ಹಿಡಿಸಿತು.

ಮುದ್ದಮ್ಮ ತೀರಿಕೊಂಡಾಗ ಸೌಮ್ಯ ಪುಣೆಯ ಮೇಳದಲ್ಲಿದ್ದಳು. ಫೋನಿನಲ್ಲಿ ಸುದ್ದಿ ಕೇಳುತ್ತಿದ್ದಾಗಲೂ ಹಿಂದಿನ ಟಿವಿಯಲ್ಲಿ ಅವ್ವ "ತಕ್ಕೊಳಪ್ಪ, ಕುಡಿ" ಅನ್ನುತ್ತಲೇ ಇದ್ದಳು. ಆಮೇಲೆ ಆ ದನಿ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕೇಳಿಸುತ್ತಿತ್ತು, ಅಡುಗೆಮನೆಯ ನಲ್ಲಿ ತಿರುಗಿಸಿದರೆ ಕೇಳಿಸುತ್ತಿತ್ತು. ಅವಳಿಗೆ ಹೆದರಿಕೆಯಾಗುತ್ತಿತ್ತು. ಹೆತ್ತವ್ವನಿಗೆ ಹೆದರುವುದೇ ಎಂದು ನಾಚಿಕೆಯೂ ಆಗುತ್ತಿತ್ತು. ಕೊನೆಗೆ ಮಾಲೀಕರ ಮುಂದೆ ಅತ್ತೇಬಿಟ್ಟಳು. "ಆ ವಿಡಿಯೊ ತೆಗೆಸ್ಬುಡಿ ಸಾರ್, ಇನ್ ತಡ್ಕೊಳಾಕಾಗಲ್ಲ."

ಮಂಡ್ಯದ ಮೇಳಕ್ಕೆ ಜಯಪ್ರಕಾಶ್ ಹೊಸ ವಿಡಿಯೊ ಇದ್ದ ಪೆನ್‌ಡ್ರೈವ್ ತಂದುಕೊಟ್ಟರು. ಅದನ್ನು ಹಾಕಲು ಸೌಮ್ಯ ಟಿವಿಯ ಹಿಂದೆ ಬಗ್ಗಿದ್ದಾಗ, ಅವರೂರಿನ ಮೇಲ್ಬೀದಿಯ ಚೌಡಯ್ಯ ಬೆವರು ಒರೆಸಿಕೊಳ್ಳುತ್ತ ಒಳಬಂದ. ಅವನ ಗದ್ದೆಯಲ್ಲಿ ಮುದ್ದಮ್ಮ ಸೊಂಟ ಬೀಳುವ ತನಕ ನಾಟಿ ಹಾಕಿದವಳು. ಆದರೆ ಅವಳ ಕೈಯ ನೀರನ್ನು ಆ ಮನೆಯವರು ಒಂದು ದಿನವೂ ಮುಟ್ಟಿರಲಿಲ್ಲ.

ಚೌಡಯ್ಯ ಮೇಜಿನ ಮೇಲಿದ್ದ ಲೋಟವೊಂದನ್ನು ಎತ್ತಿ ತುಟಿಯ ಹತ್ತಿರ ತಂದ. ಅಷ್ಟರಲ್ಲಿ ಕಣ್ಣು, ಹಳೆಯ ವಿಡಿಯೊ ಇನ್ನೂ ಓಡುತ್ತಿದ್ದ ಟಿವಿಯ ಕಡೆ ಹೋಯಿತು.

"ನಮ್ ಮುದ್ದಿ ಅಲ್ವೇನವ್ವ ಇದು?"

"ಊಂ, ನಮ್ಮವ್ವ."

ಚೌಡಯ್ಯ ಲೋಟವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟ. "ಈಗ್ತಾನೆ ಕಾಪಿ ಕುಡ್ದೆ ಕಣವ್ವ" ಅಂದ. ಬಿಸಿಲಿಗೆ ಅವನ ತುಟಿ ಒಣಗಿ ಬಿರಿದಿತ್ತು.

ಸತ್ತವಳ ಕೈಗೂ ಹೇಸುತ್ತಾನಲ್ಲ! ಸೌಮ್ಯ ಪೆನ್‌ಡ್ರೈವನ್ನು ಬ್ಯಾಗಿಗೆ ಎಸೆದು, ಟಿವಿಯ ದನಿ ಪೂರ್ತಿ ಏರಿಸಿದಳು. ಹೊರಡಲು ತಿರುಗಿದ ಚೌಡಯ್ಯನಿಗೆ ಅಡ್ಡ ನಿಂತಳು.

"ಓಗ್ಬೇಡಿ ಚೌಡಯ್ನೋರೆ," ಅಂದಳು. "ಅವ್ವ ಇನ್ನೂ ಕೈ ಇಳ್ಸಿಲ್ಲ."